ಪೆಸ್ಟ್ ಕೌಂಟಿ ನಿಜಕ್ಕೂ ಬಡವಾ, ಗೆರೆ ಎಳೆದು ಬಡವಾಯಿತಾ?

ಗೆರೆಗಾರ:
ಯುರೋಪ್ ಒಕ್ಕೂಟದಲ್ಲಿ ಎಲ್ಲ ದೇಶಗಳ ಪ್ರದೇಶಗಳನ್ನು ಒಂದೇ ಅಳತೆಯಲ್ಲಿ ನೋಡಲು 'ನಟ್ಸ್' ಎಂಬ ವಿಂಗಡಣೆ ಇದೆ. ಮೂರು ಹಂತ. ದುಡ್ಡಿನ ಆಟ ಇರುವುದು ಎರಡನೇ ಹಂತದಲ್ಲಿ. ತಲಾ ಜಿಡಿಪಿ ಒಕ್ಕೂಟದ ಸರಾಸರಿಯ ಶೇ 75ಕ್ಕಿಂತ ಕಡಿಮೆ ಇದ್ದರೆ ಅದು ಹಿಂದುಳಿದ ಪ್ರದೇಶ, ಅನುದಾನ ಜಾಸ್ತಿ. ಹಂಗೆರಿಯಲ್ಲಿ ರಾಜಧಾನಿ ಬುಡಾಪೆಸ್ಟ್ ಮತ್ತು ಅದರ ಸುತ್ತಲಿನ ಪೆಸ್ಟ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮೊದಲು ಒಂದೇ ಪ್ರದೇಶ. 2018ರಿಂದ ಎರಡು. 2021-27ರ ಅನುದಾನದ ಸುತ್ತಿನಲ್ಲಿ ಪೆಸ್ಟ್ ಹಿಂದುಳಿದ ಪಟ್ಟಿಗೆ ಬಂತು. ನಮ್ಮಲ್ಲಿ ರೇಷನ್ ಕಾರ್ಡ್ ಬೇರೆ ಮಾಡಿಸಿದ ಹಾಗಾಯಿತು. ಒಲೆ ಒಂದೇ, ಕಾರ್ಡ್ ಎರಡು!

ಮಲ್ಲಿಗೆಪುರ:
ಒಲೆ ನಿಜಕ್ಕೂ ಬೇರೆ ಇದ್ದರೆ ಏನು ಮಾಡುತ್ತೀರಿ ಸರ್? ಪೋಲೆಂಡ್ ಕೂಡ ವಾರ್ಸಾವನ್ನು ಹೀಗೇ ಬೇರೆ ಮಾಡಿತು. ರಾಜಧಾನಿಯ ಸಿರಿಯಲ್ಲಿ ಸುತ್ತಲಿನ ಊರುಗಳ ಬಡತನ ಮುಚ್ಚಿ ಹೋಗುತ್ತಿತ್ತು.

ಗೆರೆಗಾರ:
ಹಾಗಾದರೆ ನಾಳೆ ಯಾರು ಬೇಕಾದರೂ ಗೆರೆ ಎಳೆಯಬಹುದು ಅಂತಾಯಿತು.

ಹಳೇಗುಮಾಸ್ತ:
ಆಗುವುದಿಲ್ಲ. 2003ರಿಂದ ಇದಕ್ಕೆ ಕಾನೂನೇ ಇದೆ. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ಬದಲಾವಣೆ ಇಲ್ಲ. ಬದಲಾದರೆ ಹಿಂದಿನ ವರ್ಷಗಳ ಅಂಕಿಗಳನ್ನೂ ಹೊಸ ಗಡಿಗೆ ಹೊಂದಿಸಿ ಕೊಡಬೇಕು. ನನಗೆ ಹಿಡಿಸಿದ್ದು ಇದೇ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತಲ್ಲ, ಅದರ ಹಳೇ ಅಂಕಿ ಹುಡುಕಲು ನಾನು ತಾಲ್ಲೂಕು ತಾಲ್ಲೂಕಿನ ಲೆಕ್ಕ ಕೂಡಿಸಬೇಕಾಯಿತು.

ಕಡಲತಡಿ:
ಒಂದೇ ಅಳತೆ ಅನ್ನುವುದೇ ಸುಮ್ನೆ ಮಾತು. ಎರಡನೇ ಹಂತಕ್ಕೆ 8 ಲಕ್ಷದಿಂದ 30 ಲಕ್ಷ ಜನ ಅನ್ನುತ್ತಾರೆ. ಫಿನ್ಲೆಂಡಿನ ಓಲಂಡ್ ದ್ವೀಪಗಳಲ್ಲಿ ಸುಮಾರು 30 ಸಾವಿರ ಜನ, ಅದೂ ಎರಡನೇ ಹಂತ. ಪ್ಯಾರಿಸ್ ಇರುವ ಇಲ್-ದ-ಫ್ರಾನ್ಸ್‌ನಲ್ಲಿ 1.2 ಕೋಟಿ, ಅದೂ ಎರಡನೇ ಹಂತ!

ಹಳೇಗುಮಾಸ್ತ:
ಇದ್ದ ಆಡಳಿತ ಗಡಿಯನ್ನು ಮುರಿಯಬಾರದು ಅನ್ನುವುದು ಅಲ್ಲಿನ ಮೊದಲ ಲೆಕ್ಕ. ಓಲಂಡ್‌ಗೆ ಸ್ವಾಯತ್ತೆ ಇದೆ. ಅಂಕಿ ಚೆನ್ನಾಗಿ ಕಾಣಲಿ ಅಂತ ಅದನ್ನು ಬೇರೆ ಪ್ರಾಂತ್ಯಕ್ಕೆ ಸೇರಿಸಲು ಆಗುತ್ತದೆಯೇ?

ನಕ್ಷೆಹುಚ್ಚಿ:
ಎಲ್ಲರೂ ಗಡಿಯನ್ನೇ ಹಿಡಿದುಕೊಂಡಿದ್ದೀರಿ. ತೊಂದರೆ ಇರುವುದು ತಲಾ ಜಿಡಿಪಿಯಲ್ಲಿ. ಅದು ಕೆಲಸ ನಡೆಯುವ ಜಾಗದ ಲೆಕ್ಕ, ಆದರೆ ಭಾಗಿಸುವುದು ಅಲ್ಲಿ ವಾಸ ಇರುವವರಿಂದ. ಲಕ್ಸೆಂಬರ್ಗ್ ನೋಡಿ. ಫ್ರಾನ್ಸ್, ಜರ್ಮನಿ, ಬೆಲ್ಜಿಯಂನಿಂದ 2 ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಅವರ ದುಡಿಮೆ ಮೇಲಿನ ಅಂಕಿಯಲ್ಲಿದೆ, ತಲೆಗಳು ಕೆಳಗಿನ ಅಂಕಿಯಲ್ಲಿಲ್ಲ. ಪೆಸ್ಟ್‌ನದು ಇದರ ತಿರುಗಾಮುರುಗಾ. ಅಲ್ಲಿ ಮಲಗೆದ್ದವರು ಬುಡಾಪೆಸ್ಟ್‌ನಲ್ಲಿ ದುಡಿಯುತ್ತಾರೆ. ಹಾಗಾಗಿ ಪೆಸ್ಟ್ ನಿಜಕ್ಕೂ ಇರುವುದಕ್ಕಿಂತ ಕಾಗದದ ಮೇಲೆ ಬಡವಾಗಿ ಕಾಣುತ್ತದೆ.

ಗೆರೆಗಾರ:
ನೋಡಿ, ಒಲೆ ಒಂದೇ ಅಂದೆನಲ್ಲ!

ಮಲ್ಲಿಗೆಪುರ:
ಪೆಸ್ಟ್‌ನ ದೂರದ ಹಳ್ಳಿಯವರೂ ಬುಡಾಪೆಸ್ಟ್‌ಗೆ ಹೋಗುತ್ತಾರಾ? ಕೌಂಟಿ ಪೂರ್ತಿ ಉಪನಗರ ಅಲ್ಲವಲ್ಲ.

ನಕ್ಷೆಹುಚ್ಚಿ:
ಅದು ಸರಿ. ಅದಕ್ಕೇ ಮನೆಗಳ ಆದಾಯ ನೋಡಬೇಕು. ಅದನ್ನು ವಾಸದ ಜಾಗದಲ್ಲಿ ಲೆಕ್ಕ ಹಾಕುತ್ತಾರೆ. ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟ್ಯಾಟ್ ಎರಡನೇ ಹಂತಕ್ಕೂ ಈ ಅಂಕಿ ಕೊಡುತ್ತದೆ.

ಗೆರೆಗಾರ:
ಬಿಡುವಾದಾಗ ನೋಡುತ್ತೇನೆ ಮೇಡಂ. ಆದರೆ ಆ ಶೇ 75ರ ಗೆರೆ ಇರುವುದು ಜಿಡಿಪಿ ಮೇಲೆ ತಾನೇ?