ಒತ್ತಿದ್ದು ಒಂದೇ ಸಲ, ಎಂಟ್ರಿ ಎರಡು

ಅಡ್ಮಿನ್: ಇವತ್ತು ಸಂಜೆ ಮಡಿಕೇರಿಯ ಅಕ್ಕ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ರಿಯಾಕ್ಟ್, ವ್ಯೂ, ಆಂಗ್ಯುಲರ್ ಎಂಬ ಟೂಲ್‌ಗಳಲ್ಲಿ ವೆಬ್ ಆಪ್ ಕಟ್ಟುವುದೇ ಅವರ ಕೆಲಸ. ವಿಷಯ: ಚೈಲ್ಡ್ ಕಾಂಪೊನೆಂಟ್‌ನಲ್ಲಿ (ಪೇಜ್‌ನ ಒಳಗಿನ ಭಾಗದಲ್ಲಿ) ಆದ ಕ್ಲಿಕ್ ಪೇರೆಂಟ್‌ಗೆ (ಅದನ್ನು ಒಳಗಿಟ್ಟುಕೊಂಡ ಭಾಗಕ್ಕೆ) ಗೊತ್ತಾಗುವುದು ಹೇಗೆ. ಗುಡ್ ಈವ್ನಿಂಗ್ ಮೆಸೇಜ್ ಬೇಡ.

ವಿರಾಜಪೇಟೆ: ಗುಡ್ ಈವ್ನಿಂಗ್ ಅಕ್ಕ. ರಿಯಾಕ್ಟ್‌ನಲ್ಲಿ ಚೈಲ್ಡ್‌ನಿಂದ ಪೇರೆಂಟ್‌ಗೆ ಡೇಟಾ ಕಳಿಸುವುದು ಹೇಗೆ?

ಅಕ್ಕ: ಪೇರೆಂಟ್‌ನಲ್ಲಿ ಒಂದು ಫಂಕ್ಷನ್ ಬರೆಯಿರಿ. ಅದನ್ನು ಪ್ರಾಪ್ ಆಗಿ, ಅಂದರೆ ಮೇಲಿನಿಂದ ಕೊಡುವ ಮೌಲ್ಯವಾಗಿ, ಚೈಲ್ಡ್‌ಗೆ ಕೊಡಿ. ಕ್ಲಿಕ್ ಆದಾಗ ಚೈಲ್ಡ್ ಅದನ್ನು ಕರೆಯುತ್ತದೆ, ಹೇಳಬೇಕಾದ್ದನ್ನು ಆರ್ಗ್ಯುಮೆಂಟ್ ಆಗಿ ಕೊಡುತ್ತದೆ. ಸ್ಟೇಟ್, ಅಂದರೆ ಬದಲಾಗುವ ಡೇಟಾ, ಪೇರೆಂಟ್‌ನಲ್ಲೇ ಇರಲಿ.

ಸೋಮವಾರಪೇಟೆ: ಹಾಗೇ ಮಾಡಿದ್ದೇನೆ ಮೇಡಂ. ಕ್ಲಿಕ್ ಮಾಡುವ ಮೊದಲೇ, ಪೇಜ್ ತೆರೆದ ಕೂಡಲೇ ಫಂಕ್ಷನ್ ಓಡುತ್ತದೆ.

ಅಕ್ಕ: ಫಂಕ್ಷನ್ ಹೆಸರಿನ ಮುಂದೆ ಬ್ರಾಕೆಟ್ ಹಾಕಿರುತ್ತೀರಿ, ಅದಿದ್ದರೆ ಆಗಲೇ ಓಡುತ್ತದೆ. ತೆಗೆಯಿರಿ.

ಗೋಣಿಕೊಪ್ಪ: ಅಕ್ಕ, ನಮ್ಮ ತೋಟಕ್ಕೆ ನಾನೇ ಆಪ್ ಮಾಡಿದ್ದೇನೆ. ಸಂಜೆ ಕಾಫಿ ತೂಕ ಹಾಕಿ ರೈಟರ್ (ತೋಟದ ಲೆಕ್ಕ ಬರೆಯುವವರು) ಫೋನಿನಲ್ಲೇ ಎಂಟ್ರಿ ಮಾಡುತ್ತಾರೆ. ವ್ಯೂ 2 ಇದ್ದಾಗ ಸರಿ ಇತ್ತು. ವ್ಯೂ 3ಕ್ಕೆ ಬದಲಾಯಿಸಿದ ಮೇಲೆ ‘ಉಳಿಸು’ ಒಂದು ಸಲ ಒತ್ತಿದರೆ ಎರಡು ಎಂಟ್ರಿ ಆಗುತ್ತಿದೆ. ಆ ಬಟನ್ ಬೇರೆ ಕಾಂಪೊನೆಂಟ್, ಒಳಗಿನಿಂದ ‘ಕ್ಲಿಕ್’ ಅಂತ ಎಮಿಟ್ ಮಾಡುತ್ತದೆ, ಅಂದರೆ ಪೇರೆಂಟ್‌ಗೆ ಸುದ್ದಿ ಕಳಿಸುತ್ತದೆ. ಕೂಲಿ ಕೊಡುವುದು ಕೆಜಿ ಲೆಕ್ಕದಲ್ಲಿ. ರೈಟರೇ ಎರಡು ಸಲ ಒತ್ತುತ್ತಾರೆ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಕುಶಾಲನಗರ: ಫಾರ್ವರ್ಡ್ ಬಂದದ್ದು: ಡಬಲ್ ಕ್ಲಿಕ್ ಸಮಸ್ಯೆಗೆ ರಾಮಬಾಣ! ಎಲ್ಲಾ ಬಟನ್‌ಗೂ ಸ್ಟಾಪ್‌ಪ್ರೊಪಗೇಶನ್ ಹಾಕಿ, ಜೊತೆಗೆ 500 ಮಿಲಿಸೆಕೆಂಡ್ ಟೈಮ್‌ಔಟ್. ಎಲ್ಲರಿಗೂ ಕಳಿಸಿ.

ಅಕ್ಕ: ಗೋಣಿಕೊಪ್ಪದವರೇ, ಅದನ್ನು ಹಾಕಬೇಡಿ. ಮೊದಲು ರೈಟರನ್ನು ಬೈಯುವುದು ನಿಲ್ಲಿಸಿ, ಅವರದ್ದೇನೂ ತಪ್ಪಿಲ್ಲ.

ವ್ಯೂ 2ರಲ್ಲಿ ಕಾಂಪೊನೆಂಟ್ ಮೇಲೆ ಕ್ಲಿಕ್ ಬರೆದರೆ ಅದು ಎಮಿಟ್ ಆದದ್ದನ್ನು ಮಾತ್ರ ಕೇಳುತ್ತಿತ್ತು. ಬ್ರೌಸರ್‌ನ ನಿಜವಾದ ಕ್ಲಿಕ್ ಬೇಕಿದ್ದರೆ ‘.ನೇಟಿವ್’ ಅಂತ ಸೇರಿಸಬೇಕಿತ್ತು. ವ್ಯೂ 3ರಲ್ಲಿ ಅದನ್ನು ತೆಗೆದರು. ಈಗ ಚೈಲ್ಡ್ ತಾನು ಏನೇನು ಎಮಿಟ್ ಮಾಡುತ್ತೇನೆ ಅಂತ ಮೊದಲೇ ಹೇಳಬೇಕು. ಹೇಳದಿದ್ದರೆ ಪೇರೆಂಟ್ ಕೊಟ್ಟ ಕ್ಲಿಕ್ ಫಂಕ್ಷನ್ ನೇರ ಒಳಗಿನ ಬಟನ್‌ಗೇ ಹೋಗಿ ಅಂಟಿಕೊಳ್ಳುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಇದೇ. ಎಮಿಟ್‌ನಿಂದ ಒಂದು ಸಲ, ಬ್ರೌಸರ್ ಕ್ಲಿಕ್‌ನಿಂದ ಇನ್ನೊಂದು ಸಲ.

ಪೇರೆಂಟ್ ಫಂಕ್ಷನ್‌ನ ಮೊದಲ ಸಾಲಿನಲ್ಲಿ, ಒಳಗೆ ಬರುವ ಆರ್ಗ್ಯುಮೆಂಟನ್ನು ಕನ್ಸೋಲ್‌ಗೆ ಬರೆಸಿ. ಕ್ರೋಮ್‌ನಲ್ಲಿ ಒಂದು ಸಲ ಒತ್ತಿದರೆ ಎರಡು ಸಾಲು ಬರಬೇಕು: ಮೊದಲು ‘ಅನ್‌ಡಿಫೈನ್ಡ್’, ಕೆಳಗೆ ‘ಪಾಯಿಂಟರ್‌ಇವೆಂಟ್’. ಮೊದಲನೆಯದು ನಿಮ್ಮ ಎಮಿಟ್, ಎರಡನೆಯದು ಬ್ರೌಸರ್‌ದು.

ಚೈಲ್ಡ್‌ನಲ್ಲಿ ಡಿಫೈನ್‌ಎಮಿಟ್ಸ್ (ಎಮಿಟ್‌ಗಳನ್ನು ಮೊದಲೇ ಹೇಳುವ ಸಾಲು) ಹಾಕಿ ‘ಕ್ಲಿಕ್’ ಅಂತ ಬರೆದರೆ ನಿಲ್ಲುತ್ತದೆ. ನಾನಾದರೆ ಹೆಸರನ್ನೂ ‘ಸೇವ್’ ಅಂತ ಬದಲಾಯಿಸುತ್ತೇನೆ. ಬ್ರೌಸರ್‌ನಲ್ಲಿ ಮೊದಲೇ ಇರುವ ಹೆಸರು ಯಾಕೆ ಬೇಕು?

ಸ್ಟಾಪ್‌ಪ್ರೊಪಗೇಶನ್‌ನಿಂದ ಇದು ಸರಿಯಾಗುವುದಿಲ್ಲ. ಅದು ಕ್ಲಿಕ್ ಮೇಲಿನ ಎಲಿಮೆಂಟ್‌ಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಇಲ್ಲಿ ಎರಡೂ ಒಂದೇ ಬಟನ್ ಮೇಲೆ ಓಡುತ್ತಿವೆ. ಟೈಮ್‌ಔಟ್ ಹಾಕಿದರೆ ಎರಡೂ ಎಂಟ್ರಿ ಅರ್ಧ ಸೆಕೆಂಡ್ ತಡವಾಗಿ ಉಳಿಯುತ್ತವೆ.

ಕುಶಾಲನಗರ: ನನ್ನ ಪ್ರಾಜೆಕ್ಟ್‌ನಲ್ಲಿ ವರ್ಕ್ ಆಗಿದೆ.

ವಿರಾಜಪೇಟೆ: ರಿಯಾಕ್ಟ್‌ನಲ್ಲಿ ಈ ರಗಳೆಯೇ ಇಲ್ಲ. ವ್ಯೂ ಯಾಕೆ ಬಳಸುತ್ತೀರಿ?

ಪೊನ್ನಂಪೇಟೆ: ಆಂಗ್ಯುಲರ್ ಕಲಿಯಿರಿ, ಎಲ್ಲಾ ನೀಟಾಗಿದೆ.

ಅಕ್ಕ: ಆಂಗ್ಯುಲರ್‌ನಲ್ಲಿ ಔಟ್‌ಪುಟ್‌ಗೆ (ಅಲ್ಲಿ ಎಮಿಟ್ ಮಾಡುವುದು ಇದರಿಂದ) ‘ಕ್ಲಿಕ್’ ಅಂತ ಹೆಸರಿಡಿ. ಅಲ್ಲೂ ಎರಡು ಸಲ ಓಡುತ್ತದೆ. ರಿಯಾಕ್ಟ್‌ನವರು ಪೋರ್ಟಲ್‌ನಲ್ಲಿ (ಪೇಜ್‌ನ ಬೇರೆ ಕಡೆ ತೋರಿಸುವ ದಾರಿ) ಮೋಡಲ್ (ಪೇಜ್ ಮೇಲೆ ತೆರೆಯುವ ಕಿಟಕಿ) ಇಟ್ಟು ನೋಡಿ. ಪೇಜ್‌ನಲ್ಲಿ ಅದು ಎಲ್ಲೋ ಇದ್ದರೂ, ಒಳಗಿನ ಕ್ಲಿಕ್ ರಿಯಾಕ್ಟ್ ಪೇರೆಂಟ್‌ಗೇ ಬರುತ್ತದೆ.

ವಿರಾಜಪೇಟೆ: ಅದು ಫೀಚರ್.

ಪೊನ್ನಂಪೇಟೆ: ನಿಮ್ಮದಾದರೆ ಫೀಚರ್, ನಮ್ಮದಾದರೆ ಬಗ್. ಭೇಷ್.

ನಾಪೋಕ್ಲು: ವ್ಯೂನಲ್ಲಿ ಮೊಮ್ಮಗ ಕಾಂಪೊನೆಂಟ್ ಎಮಿಟ್ ಮಾಡಿದ್ದು ಅಜ್ಜನಿಗೆ ತಲುಪುತ್ತಿಲ್ಲ.

ಅಕ್ಕ: ತಲುಪುವುದಿಲ್ಲ. ಕಾಂಪೊನೆಂಟ್ ಇವೆಂಟ್ ನೇರ ಪೇರೆಂಟ್‌ಗೆ ಮಾತ್ರ. ನಡುವಿನವನು ಮತ್ತೆ ಎಮಿಟ್ ಮಾಡಬೇಕು.

ಕುಶಾಲನಗರ: ಇವೆಂಟ್ ಬಸ್ (ಎಲ್ಲಾ ಕಾಂಪೊನೆಂಟ್‌ಗೂ ಸುದ್ದಿ ಮುಟ್ಟಿಸುವ ಒಂದೇ ದಾರಿ) ಹಾಕಿ, ಸುಲಭ. ಹೊಸ ವ್ಯೂ ತೆಗೆದುಕೊಂಡು ಡಾಲರ್ ಆನ್ ($on) ಬರೆದರೆ ಆಯ್ತು.

ಅಕ್ಕ: ಡಾಲರ್ ಆನ್ ವ್ಯೂ 3ರಲ್ಲಿ ಇಲ್ಲ. ಓದದೆ ಫಾರ್ವರ್ಡ್ ಮಾಡಬೇಡಿ.

ಸುಂಟಿಕೊಪ್ಪ: ನಮ್ಮ ಹೋಂಸ್ಟೇ ಪೇಜ್‌ನಲ್ಲಿ ರೂಮ್ ಕಾರ್ಡ್ ಒತ್ತಿದರೆ ಬುಕಿಂಗ್ ತೆರೆಯುತ್ತದೆ. ಕಾರ್ಡ್ ಒಳಗಿನ ‘ಅಳಿಸು’ ಒತ್ತಿದರೂ ಅದೇ ತೆರೆಯುತ್ತದೆ.

ಅಕ್ಕ: ಇಲ್ಲಿ ‘ಅಳಿಸು’ ಬಟನ್‌ಗೆ ಸ್ಟಾಪ್‌ಪ್ರೊಪಗೇಶನ್ ಹಾಕಿ. ಆ ಒಂದಕ್ಕೆ ಮಾತ್ರ.

ಕುಶಾಲನಗರ: ನೋಡಿದಿರಾ? ನಾನು ಹೇಳಿದ್ದೇ ಅಲ್ವಾ?

ಅಕ್ಕ: ನೀವು ಹೇಳಿದ್ದು ‘ಎಲ್ಲಾ ಬಟನ್‌ಗೂ’. ಹಾಗೆ ಹಾಕಿದರೆ ಹೊರಗೆ ಒತ್ತಿದಾಗ ಮುಚ್ಚಬೇಕಾದ ಮೆನು ತೆರೆದೇ ಉಳಿಯುತ್ತದೆ. ಆಮೇಲೆ ಅದಕ್ಕೂ ಒಂದು ರಾಮಬಾಣ ಬರುತ್ತದೆ.

ಸಿದ್ದಾಪುರ: ಫ್ಲಟರ್ ಬಗ್ಗೆ ಕೇಳಬಹುದಾ?

ಶನಿವಾರಸಂತೆ: ಮೇಡಂ, ಚೈಲ್ಡ್‌ನಿಂದ ಪೇರೆಂಟ್‌ಗೆ ಡೇಟಾ ಕಳಿಸುವುದು ಹೇಗೆ?

ಅಕ್ಕ: ಮೊದಲ ಉತ್ತರ ಓದಿ.

ಶನಿವಾರಸಂತೆ: ಕೇಳಿದ್ದಕ್ಕೆ ಹೀಗಾ ಹೇಳುವುದು?

ಪೊನ್ನಂಪೇಟೆ: ಮೇಲೆ ಸ್ಕ್ರೋಲ್ ಮಾಡಲು ಏನು ಕಷ್ಟ?

ಅಡ್ಮಿನ್: ಜಗಳ ಬೇಡ.

ಗೋಣಿಕೊಪ್ಪ: ಅಕ್ಕ, ನೀವು ಹೇಳಿದ ಎರಡೂ ಸಾಲು ಬಂತು. ಡಿಫೈನ್‌ಎಮಿಟ್ಸ್ ಹಾಕಿದೆ, ಈಗ ಒಂದೇ ಬರುತ್ತಿದೆ. ಹಳೇ ಡಬಲ್ ಎಂಟ್ರಿಗಳನ್ನು ಒಂದೇ ಸಲಕ್ಕೆ ಅಳಿಸಿಬಿಡಲಾ?

ಅಕ್ಕ: ಬೇಡ! ಒಬ್ಬರದ್ದೇ ಎರಡು ಚೀಲ ಒಂದೇ ತೂಕ ಬಂದಿರಬಹುದು. ಅದನ್ನೂ ಅಳಿಸಿದರೆ ಪಾಪ ಅವರ ಕೂಲಿ ಹೋಗುತ್ತದೆ. ಡೇಟಾಬೇಸ್ ಕಾಪಿ ಮಾಡಿ ಇಟ್ಟುಕೊಳ್ಳಿ. ಒಂದೇ ಸೆಕೆಂಡಿನ ಒಳಗೆ ಉಳಿದ ಜೋಡಿಗಳನ್ನು ಮಾತ್ರ ಬೇರೆ ಮಾಡಿ, ರೈಟರ್ ಪುಸ್ತಕದ ಜೊತೆ ತಾಳೆ ನೋಡಿ. ಮುಂದಕ್ಕೆ ಫಾರ್ಮ್ ತೆರೆದಾಗಲೇ ಎಂಟ್ರಿಗೆ ಒಂದು ಐಡಿ ಕೊಡಿ. ಅದೇ ಐಡಿ ಎರಡನೇ ಸಲ ಬಂದರೆ ಸರ್ವರ್ ತೆಗೆದುಕೊಳ್ಳಬಾರದು. ನೆಟ್‌ವರ್ಕ್ ಸಿಗದೆ ರೈಟರ್ ನಿಜವಾಗಿ ಎರಡು ಸಲ ಒತ್ತುವ ದಿನವೂ ಬರುತ್ತದೆ.

ಗೋಣಿಕೊಪ್ಪ: ಪುಸ್ತಕ ಅವರ ಲೈನ್ ಮನೆಯಲ್ಲಿದೆ (ತೋಟದವರ ಸಾಲು ಮನೆ). ಬೆಳಗ್ಗೆ ತರಿಸುತ್ತೇನೆ.

ಕುಶಾಲನಗರ: ಇಷ್ಟಕ್ಕೆಲ್ಲ ಎಕ್ಸೆಲ್ ಸಾಕಿತ್ತು.

ಸಿದ್ದಾಪುರ: ಫ್ಲಟರ್?