ಚಿಕ್ಕಮ್ಮ ಕೇಳಿದ್ದಕ್ಕೆ: ಕಂಪನಿ ಅಕೌಂಟ್ಸ್ ಬಿಟ್ಟು ದೊಡ್ಡ ಆಡಿಟ್ ಫರ್ಮಿಗೆ

ಚಿಕ್ಕಮ್ಮ, ಟೈಪ್ ಮಾಡಿದ್ರೆ ಮುಗಿಯಲ್ಲ, ಅದಕ್ಕೆ ಮಾತಲ್ಲೇ ಹೇಳ್ತಿದ್ದೀನಿ. ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳಿ. ಪ್ರಜ್ವಲ್ ಸಿಎ ಮುಗಿಸಿ ನಾಲ್ಕು ವರ್ಷದಿಂದ ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ, ಅಂದ್ರೆ ಒಣ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಮಾಡೋ ಕಡೆ, ಅಕೌಂಟ್ಸ್ ನೋಡ್ಕೊಳ್ತಿದ್ದಾನೆ, ಈಗ ಬೆಂಗಳೂರಿನ ದೊಡ್ಡ ಫರ್ಮ್ ಅಂತಾನೆ, ಮ್ಯಾನೇಜರ್ ಆಗಿದ್ದವನು ಮತ್ತೆ ಕೆಳಗಿಂದ ಶುರು ಮಾಡ್ಬೇಕಾ ಅಂತ ಕೇಳಿದ್ರಿ. ಆಡಿಟ್ ವಿಭಾಗಕ್ಕೆ ಹೋದ್ರೆ ಹೆಚ್ಚುಕಮ್ಮಿ ಹೌದು, ಒಂದು ಮೆಟ್ಟಿಲು ಕೆಳಗೆ, ಸೀನಿಯರ್ ಅಥವಾ ಅಸಿಸ್ಟೆಂಟ್ ಮ್ಯಾನೇಜರ್. ಇಂಟರ್ನಲ್ ಆಡಿಟ್, ಅಕೌಂಟಿಂಗ್ ಅಡ್ವೈಸರಿ, ಜಿಎಸ್‌ಟಿ ಕಡೆ ಹೋದ್ರೆ ಕಂಪನಿ ಅನುಭವಕ್ಕೇ ಬೆಲೆ ಇದೆ, ಇಳಿಯೋ ಅಗತ್ಯ ಬರದೇ ಇರಬಹುದು. ಅದಕ್ಕೇ ಫರ್ಮ್ ಯಾವುದು ಅನ್ನೋದಕ್ಕಿಂತ ಮೊದಲು ವಿಭಾಗ ಯಾವುದು ಅಂತ ಗಟ್ಟಿ ಮಾಡ್ಕೊಳ್ಳಲಿ.

ಪ್ರಜ್ವಲ್, ಇನ್ನು ನಿನಗೇ ಹೇಳ್ತೀನಿ. ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯೂಸಿ ಅಂತ ನಾವು ಕರೆಯೋದು. ಆದ್ರೆ ಇಲ್ಲಿ ಆಡಿಟ್ ರಿಪೋರ್ಟಿಗೆ ಸಹಿ ಬೀಳೋದು ಬೇರೆ ಹೆಸರಲ್ಲಿ. ಇವೈ ಕಡೆಯದು ಎಸ್ ಆರ್ ಬಾಟ್ಲಿಬಾಯ್, ಕೆಪಿಎಂಜಿ ಕಡೆಯದು ಬಿಎಸ್‌ಆರ್. ಆಫರ್ ಲೆಟರಲ್ಲಿ ಯಾವ ಸಂಸ್ಥೆ ಹೆಸರಿದೆ ನೋಡು. ಅಮೆರಿಕ, ಇಂಗ್ಲೆಂಡಿನ ಫರ್ಮುಗಳಿಗೆ ಇಲ್ಲಿ ಕೂತು ಕೆಲಸ ಮಾಡ್ಕೊಡೋ ಸೆಂಟರುಗಳೂ ಬೆಂಗಳೂರಲ್ಲಿವೆ. ಹುದ್ದೆ ಹೆಸರು ಒಂದೇ ಥರ ಇರುತ್ತೆ, ಆದ್ರೆ ಅಲ್ಲಿ ಕೈಗೆ ಬರೋದು ಆಡಿಟಿನ ಒಂದು ತುಂಡು, ಕ್ಲೈಂಟ್ ಮುಖ ನೋಡೋದೇ ಅಪರೂಪ. ಇಂಡಿಯಾ ಕ್ಲೈಂಟಾ, ಹೊರಗಿಂದಾ ಅಂತ ಇಂಟರ್‌ವ್ಯೂನಲ್ಲೇ ಕೇಳು.

ಈಗ ಕೆಲಸದ ವ್ಯತ್ಯಾಸ. ಮಾರ್ಚ್ 31ಕ್ಕೆ ನಿಮ್ಮ ಗೋಡೌನಲ್ಲಿ ರೊಬಸ್ಟಾ ಚೆರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, ಅಟ್ಟಿ ಹಾಕಿರುತ್ತಲ್ಲ, ಅದನ್ನೇ ತಗೋ. ನೀನೀಗ ರಿಜಿಸ್ಟರ್ ನೋಡಿ, ಚೆರಿಯಿಂದ ಎಷ್ಟು ಬೀಜ ಬರುತ್ತೆ ಅನ್ನೋ ಔಟ್‌ಟರ್ನ್ ಹಾಕಿ, ಬೆಲೆ ಕಟ್ಟಿ ಟ್ಯಾಲಿಗೆ ಏರಿಸ್ತೀಯ. 50 ಕೆಜಿ ಚೆರಿಗೆ 26 ಕೆಜಿ ಕ್ಲೀನ್ ಬೀಜ ಅನ್ನೋದು ನಿನಗೆ ಬಾಯಿಪಾಠ. ಆಡಿಟರ್ ಆಗಿ ಅದೇ ಅಟ್ಟಿ ಮುಂದೆ ನಿಂತಾಗ ಮೊದಲ ಪ್ರಶ್ನೆ, ಈ ಚೀಲ ಕಂಪನೀದಾ, ಬೆಳೆಗಾರರು ಕ್ಯೂರಿಂಗಿಗೆ ತಂದಿಟ್ಟದ್ದಾ? ಬೇರೆಯವರ ಕಾಫಿ ಸ್ಟಾಕಲ್ಲಿ ಸೇರಿದ್ರೆ ಲಾಭ ಸುಮ್ಮನೆ ಉಬ್ಬುತ್ತೆ. ಆಮೇಲೆ ಸ್ಯಾಂಪಲ್ ಎರಡೂ ದಿಕ್ಕಲ್ಲಿ ತಗೋಬೇಕು. ರಿಜಿಸ್ಟರಿಂದ ಅಟ್ಟಿಗೆ ಹೋದ್ರೆ ಇಲ್ಲದ ಚೀಲ ಸಿಕ್ಕಿಬೀಳುತ್ತೆ, ಅಟ್ಟಿಯಿಂದ ರಿಜಿಸ್ಟರಿಗೆ ಬಂದ್ರೆ ಬರೆಯದೆ ಬಿಟ್ಟದ್ದು. ಹೊರಸಾಲು ಎಣಿಸಿ ಉದ್ದ ಅಗಲ ಗುಣಿಸಿದ್ರೆ ಒಳಗೆ ಟೊಳ್ಳಿದ್ರೂ ಗೊತ್ತಾಗಲ್ಲ, ಮಧ್ಯದ ಚೀಲ ತೆಗೆಸಿ ತೂಕ ಹಾಕಿಸ್ಬೇಕು. ಕೊನೇ ಇನ್‌ವರ್ಡ್ ನಂಬರ್, ಕೊನೇ ಡಿಸ್ಪ್ಯಾಚ್ ನಂಬರ್ ಅಲ್ಲೇ ಬರ್ಕೋಬೇಕು, ಯಾವುದು ಈ ವರ್ಷದ್ದು, ಯಾವುದು ಮುಂದಿನ ವರ್ಷದ್ದು ಅಂತ ಬೇರೆ ಮಾಡೋ ಕಟ್-ಆಫ್‌ಗೆ ಅದೇ ಆಧಾರ. ಔಟ್‌ಟರ್ನ್ 26 ಅಂತ ಮ್ಯಾನೇಜರ್ ಬಾಯಲ್ಲಿ ಹೇಳಿದ್ರೆ ಸಾಲದು. ಅದೇ ಲಾಟ್ ಏಪ್ರಿಲಲ್ಲಿ ಕ್ಯೂರ್ ಆದ್ಮೇಲೆ ನಿಜವಾಗಿ ಎಷ್ಟು ಬಂತು ಅನ್ನೋ ರಿಪೋರ್ಟ್ ತರಿಸಿ ಫೈಲಿಗೆ ಹಾಕ್ಬೇಕು.

ಇಷ್ಟೊಂದು ಯಾಕೆ ಅಂದ್ರೆ, 10,000 ಚೀಲದಲ್ಲಿ ಔಟ್‌ಟರ್ನ್ ಒಂದೇ ಕೆಜಿ ಹೆಚ್ಚು ಹಿಡಿದ್ರೆ 10,000 ಕೆಜಿ. ಕೆಜಿಗೆ 300 ರೂಪಾಯಿ ಅಂತಿಟ್ಕೊಂಡ್ರೂ 30 ಲಕ್ಷ. ಕಂಪನಿಯ ತೆರಿಗೆಗೆ ಮುಂಚಿನ ಲಾಭ 4 ಕೋಟಿ ಇದ್ರೆ, ವಾಡಿಕೆಯಂತೆ ಅದರ ಶೇ 5, ಅಂದ್ರೆ 20 ಲಕ್ಷ ಮೆಟೀರಿಯಾಲಿಟಿ, ಇದಕ್ಕಿಂತ ದೊಡ್ಡ ತಪ್ಪಿದ್ರೆ ಲೆಕ್ಕ ಓದೋರು ದಾರಿ ತಪ್ತಾರೆ ಅನ್ನೋ ಮಿತಿ. ಕೆಲಸಕ್ಕೆ ಬಳಸೋದು ಅದರ ಮುಕ್ಕಾಲು, 15 ಲಕ್ಷ. ಒಂದು ಲಕ್ಷದ ಒಳಗಿನದನ್ನ ಬಿಡ್ತಾರೆ. ನಾಲ್ಕು ರೂಪಾಯಿ ಟ್ಯಾಲಿ ಆಗಲಿಲ್ಲ ಅಂತ ರಾತ್ರಿ ಕೂರೋ ಅಭ್ಯಾಸ ಇದ್ದವರಿಗೆ ಇದು ಒಗ್ಗೋಕೆ ಸಮಯ ಬೇಕು. ಬಿಡೋದನ್ನ ಕಲಿಯೋದೇ ಅರ್ಧ ಕೆಲಸ.

ಉಳಿದರ್ಧ ಬರೆಯೋದು. ಕಂಪನಿಯಿಂದ ಬಂದವರು ಎಡವೋದು ಇಲ್ಲೇ. ಉತ್ತರ ತಲೆಯಲ್ಲಿರುತ್ತೆ, ಪೇಪರಲ್ಲಿರಲ್ಲ. ಆ ಕ್ಲೈಂಟನ್ನ ನೋಡೇ ಇಲ್ಲದ ಇನ್ನೊಬ್ಬ ಸಿಎ ನಿನ್ನ ವರ್ಕಿಂಗ್ ಪೇಪರ್ ತೆಗೆದ್ರೆ ಏನು ನೋಡ್ದೆ, ಎಷ್ಟು ನೋಡ್ದೆ, ಯಾಕೆ ಸಾಕು ಅಂದುಕೊಂಡೆ ಅಂತ ಅರ್ಥ ಆಗ್ಬೇಕು, ಆಡಿಟ್ ದಾಖಲೆಗಳ ಮಾನದಂಡ ಎಸ್‌ಎ 230 ಹೇಳೋದು ಅದನ್ನೇ. ರಿಪೋರ್ಟ್ ದಿನಾಂಕದಿಂದ 60 ದಿನದಲ್ಲಿ ಫೈಲ್ ಕಟ್ಟಿ ಮುಚ್ಬೇಕು, ಏಳು ವರ್ಷ ಇಡ್ಬೇಕು. 2018ರಲ್ಲಿ ಆಡಿಟರುಗಳ ಮೇಲೆ ಕಣ್ಣಿಡೋ ಸಂಸ್ಥೆ ಎನ್‌ಎಫ್‌ಆರ್‌ಎ ಬಂದ್ಮೇಲೆ ದೊಡ್ಡ ಫರ್ಮುಗಳ ಫೈಲನ್ನ ಹೊರಗಿನವರೇ ತೆರೆದು ನೋಡ್ತಾರೆ, ಆದ್ದರಿಂದ ಸೀನಿಯರ್‌ಗಳು ರಿವ್ಯೂ ನೋಟ್ ಮೇಲೆ ನೋಟ್ ಹಾಕ್ತಾರೆ. ಬೇಜಾರಾಗಬೇಡ. ಇನ್ನೊಂದು, ಕ್ಲೈಂಟ್ ಕೊಟ್ಟ ಎಕ್ಸೆಲ್ ಶೀಟನ್ನೂ ಹಾಗೇ ನಂಬೋ ಹಾಗಿಲ್ಲ. ಅದು ಸಿಸ್ಟಮಿಂದ ಪೂರ್ತಿ ಇಳಿದಿದೆಯಾ ಅಂತ ಮೊದಲು ಪರೀಕ್ಷೆ ಮಾಡ್ಬೇಕು.

ನಿನಗೆ ಮೇಲುಗೈ ಇರೋ ಜಾಗವೂ ಇದೆ. ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ನೀನೇ ಕಳಿಸೋದಲ್ವಾ? ಸ್ಟಾಕ್, ಬಾಕಿ ಮೇಲೆ 5 ಕೋಟಿಗಿಂತ ಹೆಚ್ಚು ವರ್ಕಿಂಗ್ ಕ್ಯಾಪಿಟಲ್ ಲಿಮಿಟ್ ಇದ್ರೆ ಆ ತ್ರೈಮಾಸಿಕ ಲೆಕ್ಕ ಪುಸ್ತಕಕ್ಕೆ ಹೊಂದುತ್ತಾ ಅಂತ ಕ್ಯಾರೋ 2020 ಅನ್ನೋ ಸರ್ಕಾರಿ ಆದೇಶದ ಪ್ರಕಾರ ಆಡಿಟರ್ ವರದಿ ಕೊಡ್ಬೇಕು. ವ್ಯತ್ಯಾಸ ಎಲ್ಲಿ ಹುಟ್ಟುತ್ತೆ, ಬರಬೇಕಾದ ಬಾಕಿ ಎಷ್ಟು ಹಳೇದು ಅನ್ನೋದನ್ನ ಹೇಗೆ ತಿದ್ದುತ್ತಾರೆ ಅಂತ ನಿನಗೆ ಗೊತ್ತಿರೋ ಅಷ್ಟು, ಸಿಎ ಓದುವಾಗಿನ ತರಬೇತಿ, ಅಂದ್ರೆ ಆರ್ಟಿಕಲ್‌ಶಿಪ್ಪಿಂದ ನೇರ ಆಡಿಟಿಗೆ ಬಂದವರಿಗೆ ಗೊತ್ತಿರಲ್ಲ. ಇಂಟರ್‌ವ್ಯೂನಲ್ಲಿ ಇದನ್ನ ಎತ್ತು. ಬೆಳೆದು ಕ್ಯೂರ್ ಮಾಡಿ ಮಾರಿದ ಕಾಫಿಗೆ ಶೇ 25, ಹುರಿದು ಪುಡಿ ಮಾಡಿ ಮಾರಿದ್ರೆ ಶೇ 40 ವ್ಯಾಪಾರದ ಆದಾಯ ಅನ್ನೋ ಆದಾಯ ತೆರಿಗೆ ಲೆಕ್ಕವೂ ಬೆಂಗಳೂರಲ್ಲಿ ಎಲ್ಲರಿಗೂ ಬರಲ್ಲ. ಓದ್ಕೊಂಡು ಹೋಗ್ಬೇಕಾದ್ದು ಇಂಡ್ ಎಎಸ್ ಅನ್ನೋ ಲೆಕ್ಕದ ಮಾನದಂಡಗಳಲ್ಲಿ 115 (ಆದಾಯ), 116 (ಲೀಸ್), ಮತ್ತೆ 109ರಲ್ಲಿ ಬಾಕಿ ವಸೂಲಾಗದೆ ಆಗಬಹುದಾದ ನಷ್ಟದ ಲೆಕ್ಕ.

ಚಿಕ್ಕಮ್ಮ, ಇದು ನಿಮಗೂ ಸಂಬಂಧಪಟ್ಟದ್ದು. ಸೇರುವಾಗ ಅವನ ಡಿಮ್ಯಾಟ್, ಮ್ಯೂಚುವಲ್ ಫಂಡ್, ಸಾಲ, ಹೆಂಡತಿದೂ ಸೇರಿಸಿ ಎಲ್ಲ ಬರೆದು ಕೊಡ್ಬೇಕು. ಫರ್ಮಿನ ಕ್ಲೈಂಟ್ ಕಂಪನಿ ಷೇರಿದ್ರೆ ಮಾರೋಕೆ ಹೇಳಬಹುದು. ಯಾರದೋ ಮಾತು ಕೇಳಿ ಮುಚ್ಚಿಡೋದು ಬೇಡ, ಆಮೇಲೆ ಸಿಕ್ಕಿದ್ರೆ ಕೆಲಸಕ್ಕೇ ಕುತ್ತು. ಹಳೇ ಕಂಪನಿ ಆ ಫರ್ಮಿನ ಕ್ಲೈಂಟ್ ಆಗಿದ್ರೆ, ಅವನು ಅಲ್ಲಿ ಲೆಕ್ಕ ಬರೆದ ವರ್ಷದ ಆಡಿಟಲ್ಲಿ ಅವನು ಇರೋ ಹಾಗಿಲ್ಲ. ಭಾವನ ಹೋಂಸ್ಟೇ ಜಿಎಸ್‌ಟಿ ಅವನೇ ಫೈಲ್ ಮಾಡ್ತಿದ್ದಾನಲ್ಲ, ಅದಕ್ಕೂ ಬೇರೆಯವರನ್ನ ನೋಡ್ಕೊಳ್ಳಿ, ಪಕ್ಕದ ಕೆಲಸಕ್ಕೆ ಫರ್ಮಿನವರು ಒಪ್ಪಲ್ಲ. ಏಪ್ರಿಲ್, ಮೇ ಮದುವೆಗಳಿಗೂ ಅವನನ್ನ ಲೆಕ್ಕಕ್ಕೆ ಇಟ್ಕೋಬೇಡಿ. ಲಿಸ್ಟೆಡ್ ಕಂಪನಿಗಳ ವರ್ಷದ ಲೆಕ್ಕ ಮೇ 30ರೊಳಗೆ ಬರ್ಬೇಕು. ಹುತ್ತರಿಗೆ ಬರಬಹುದು, ನವೆಂಬರ್ 14ರೊಳಗೆ ಕೊಡೋ ತ್ರೈಮಾಸಿಕ ಲೆಕ್ಕ ಅಷ್ಟೊತ್ತಿಗೆ ಮುಗಿದಿರುತ್ತೆ.

ಪ್ರಜ್ವಲ್, ಇನ್ನು ಹಳೇ ಕೆಲಸ ಬಿಡೋ ವಿಷಯ. ಲಿಖಿತ ಆಫರ್ ಬರೋ ತನಕ ರಾಜೀನಾಮೆ ಬೇಡ. ನೋಟಿಸ್ 90 ದಿನ ಇದ್ರೆ ವರ್ಷದ ಕ್ಲೋಸಿಂಗ್ ಮಧ್ಯೆ ಬೀಳದ ಹಾಗೆ ಲೆಕ್ಕ ಹಾಕು, ಜಗಳ ಆದ್ರೆ ರಿಲೀವಿಂಗ್ ಲೆಟರ್ ತಡ ಆಗುತ್ತೆ. ಐದು ವರ್ಷಕ್ಕೆ ಕೆಲವೇ ತಿಂಗಳು ಬಾಕಿ ಇದ್ರೆ ಗ್ರಾಚ್ಯುಟಿ ಬಗ್ಗೆ ಯೋಚ್ನೆ ಮಾಡು. ಹಳೇ ಸಂಬಳ, ಟಿಡಿಎಸ್ ವಿವರ ಹೊಸ ಕಡೆ ಕೊಡು, ಇಲ್ಲಾಂದ್ರೆ ಅವರು ಕಡಿಮೆ ತೆರಿಗೆ ಹಿಡೀತಾರೆ, ರಿಟರ್ನ್ ಹೊತ್ತಿಗೆ ಬಡ್ಡಿ ಸಮೇತ ಕಟ್ಬೇಕು. ಹಳೇ ಕಂಪನಿ ಫೈಲ್ ಒಂದನ್ನೂ ಪೆನ್‌ಡ್ರೈವಿಗೆ ಹಾಕ್ಕೊಂಡು ಬರಬೇಡ, ಫಾರ್ಮ್ಯಾಟ್ ಕೂಡ.

ರೆಸ್ಯೂಮೆಯಲ್ಲಿ ಟರ್ನೋವರ್ ಎಷ್ಟು, ಸಾಫ್ಟ್‌ವೇರ್ ಯಾವುದು, ಸ್ಟ್ಯಾಚುಟರಿ ಆಡಿಟ್ ಎಷ್ಟು ಸಲ ಎದುರಿಸಿದ್ದೀಯ, ಜಿಎಸ್‌ಟಿ ನೋಟಿಸಿಗೆ ಉತ್ತರ ಬರೆದಿದ್ದೀಯಾ, ಇಷ್ಟು ಹಾಕಿ ನನಗೆ ಕಳಿಸು. ವರ್ಡ್ ಫೈಲಲ್ಲೇ ಕಳಿಸು ಮಾರಾಯ, ಪಿಡಿಎಫ್ ಬೇಡ, ತಿದ್ದೋಕಾಗಲ್ಲ.