ಒಂಬತ್ತನೇ ಕ್ಲಾಸಿನ ಹುಡುಗರಿಗೆ ಇದನ್ನ ಹೇಗೆ ಹೇಳಿಕೊಡೋದು?

ಹೈಸ್ಕೂಲ್ ಮೇಷ್ಟ್ರು:
ನಮ್ಮ ಕ್ಲಾಸಿನ ಹುಡುಗನೊಬ್ಬ ಒಂದು ಹುಡುಗಿಯ ಹೆಸರನ್ನು ಡೆಸ್ಕಿನ ಮೇಲೆ ಕೈವಾರದಲ್ಲಿ ಕೆತ್ತಿದ್ದಾನೆ. ಅವಳು ಬೇಡ ಅಂದಿದ್ದಾಳೆ. ಆದರೂ ದಿನಾ ಬಸ್ ಸ್ಟಾಪಿನವರೆಗೆ ಹಿಂದೆ ಹೋಗುತ್ತಾನೆ, ಗೆಳೆಯರು 'ಬಿಡ್ಬೇಡ ಮಗಾ, ಒಪ್ಕೋತಾಳೆ' ಅಂತ ಹುರಿದುಂಬಿಸುತ್ತಾರೆ. ಇದು ತಪ್ಪು ಅಂದ ಇನ್ನೊಬ್ಬ ಹುಡುಗನಿಗೆ 'ಬಳೆ ತೊಟ್ಕೋ ಹೋಗು' ಅಂತ ರೇಗಿಸಿ ಅಳಿಸಿದರು. ಬೈದರೆ ಎರಡು ದಿನ ಸುಮ್ನಿರುತ್ತಾರೆ, ಅಷ್ಟೇ. ಕ್ಲಾಸಿನಲ್ಲಿ ಇದನ್ನೇ ಒಂದು ವಿಷಯ ಮಾಡಿ ಮಾತಾಡಬೇಕು ಅಂತಿದ್ದೇನೆ. ಪೋಷಕರು ಗಲಾಟೆ ಮಾಡ್ತಾರೆ ಅಂತ ಹೆಡ್ ಮೇಡಂಗೆ ಭಯ. ಯಾರಾದರೂ ಮಾಡಿ ನೋಡಿದ್ದೀರಾ?

ಸಮಾಲೋಚಕಿ:
ಖಂಡಿತ ಮಾಡಿ ಸರ್. ಆದರೆ ಒಂದು ದಿನದ ಭಾಷಣ ಬೇಡ. ಹರಿಯಾಣದಲ್ಲಿ ಬ್ರೇಕ್‌ಥ್ರೂ ಸಂಸ್ಥೆಯವರು ಏಳು, ಎಂಟನೇ ಕ್ಲಾಸಿನ ಮಕ್ಕಳ ಜೊತೆ ಶುರು ಮಾಡಿ ಎರಡೂವರೆ ವರ್ಷ ಗಂಡು-ಹೆಣ್ಣಿನ ಸಮಾನತೆ ಬಗ್ಗೆ ಇಂಥದ್ದೇ ಕೆಲಸ ಮಾಡಿದರು, ಸುಮಾರು ಮೂರು ವಾರಕ್ಕೊಮ್ಮೆ 45 ನಿಮಿಷ, ಅದೂ ಶಾಲೆಯ ಸಮಯದಲ್ಲೇ, ಬರೀ ಮಾತುಕತೆ, ಚರ್ಚೆ. ಒಟ್ಟು 314 ಸರ್ಕಾರಿ ಶಾಲೆ ಆರಿಸಿ, ಪಾಠ ನಡೆದ ಶಾಲೆಗಳನ್ನು ನಡೆಯದವುಗಳ ಜೊತೆ ಹೋಲಿಸಿದರು. ಮಕ್ಕಳ ಯೋಚನೆ ಬದಲಾಗಿತ್ತು, ಹುಡುಗರು ಮನೆಗೆಲಸ ಜಾಸ್ತಿ ಮಾಡ್ತೀವಿ ಅಂದರು. ಕಾರ್ಯಕ್ರಮ ಮುಗಿದು ಎರಡು ವರ್ಷವಾದ ಮೇಲೂ ಅದು ಉಳಿದಿತ್ತು!

ವಕೀಲ:
ಮೇಡಂಗೆ ಇದನ್ನ ತೋರಿಸಿ. ಒಂಬತ್ತನೇ ಕ್ಲಾಸಿನಿಂದ ಪೋಕ್ಸೋ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ) ಕಾಯ್ದೆ ಬಗ್ಗೆ ಮಕ್ಕಳಿಗೆ ತಿಳಿಸಬೇಕು ಅಂತ 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠವೇ ಹೇಳಿದೆ. ಬೇಡ ಅಂದ ಮೇಲೂ ಹುಡುಗಿಯ ಹಿಂದೆ ಬೀಳೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಹದಿನೆಂಟು ತುಂಬದವರ ಕೇಸು ಬಾಲ ನ್ಯಾಯ ಮಂಡಳಿಗೆ ಹೋಗುತ್ತೆ. ಹುಡುಗರಿಗೆ ಇದು ಗೊತ್ತಿರಬೇಕು, ಆದರೆ ಬರೀ ಜೈಲಿನ ಹೆದರಿಕೆ ಹಾಕಿದರೆ ಸಿಕ್ಕಿಬೀಳದ ಹಾಗೆ ಮಾಡೋದು ಕಲಿತಾರೆ ಅಷ್ಟೇ.

ಇಬ್ಬರು ಮಕ್ಕಳ ಅಮ್ಮ:
ಸರ್, ಮೊದಲು ಆ ಹುಡುಗಿಯನ್ನು ಬೇರೆಯಾಗಿ ಮಾತಾಡಿಸಿ, ಬಸ್ ಸ್ಟಾಪಿಗೆ ಅವಳ ಜೊತೆ ಯಾರು ಹೋಗ್ತಾರೆ ಅಂತ ಇವತ್ತೇ ನೋಡಿ. ಕ್ಲಾಸಿನಲ್ಲಿ ಅವಳ ವಿಷಯ ಉದಾಹರಣೆಯಾಗಿ ಎತ್ತಲೇಬೇಡಿ, ಊರೆಲ್ಲಾ ಅವಳನ್ನೇ ನೋಡುತ್ತೆ. ಹುಡುಗರಿಗೆ 'ಅವಳು ಬೇಡ ಅಂದಳು, ಆಮೇಲೆ ನೀನು ಏನು ಮಾಡ್ತೀಯ?' ಅಂತ ಹೆಸರಿಲ್ಲದೆ ಚೀಟಿಯಲ್ಲಿ ಬರೆಸಿ, ಅದನ್ನೇ ಓದಿ ಮಾತು ಶುರು ಮಾಡಿ. ಬೇಜಾರಾಗುತ್ತೆ, ಅವಮಾನ ಅನ್ನಿಸುತ್ತೆ, ಅಳು ಬರುತ್ತೆ, ಅದನ್ನ ಹೇಳ್ಕೊಳ್ಳೋಕೆ ಗಂಡು ಮಕ್ಕಳಿಗೆ ನಾವು ಜಾಗವೇ ಕೊಟ್ಟಿಲ್ಲ ಅಲ್ವಾ? ಮತ್ತೆ ಆ ಬಳೆ ಮಾತು ಕೇಳಿಸಿಕೊಂಡ ಹುಡುಗ ಇದ್ದಾನಲ್ಲ, ನೀನು ಮಾಡಿದ್ದು ಸರಿ ಅಂತ ಅವನಿಗೆ ನೀವೇ ಹೇಳಿ.